ಹತ್ತು ಚೌಕದ ರಾಗಿಯಿಂದ ಇಡೀ ಹೋಬಳಿಯ ಇಳುವರಿ: ಅಂದಾಜು ಹಾಕುವುದು ಹೇಗೆ, ಅದನ್ನು ಎಷ್ಟು ನಂಬಬಹುದು

ಒಂದು ಹೋಬಳಿಯಲ್ಲಿ ಈ ಸಲ ರಾಗಿ ಹೆಕ್ಟೇರಿಗೆ ಎಷ್ಟು ಬಂತು ಎಂದು ಕೇಳಿದರೆ, ಎಲ್ಲ ಹೊಲದ ಕಾಳನ್ನೂ ತೂಗಿ ಉತ್ತರ ಕೊಡಲು ಯಾರಿಂದಲೂ ಆಗದು. ಕೆಲವು ಹೊಲಗಳನ್ನು ಆರಿಸಿ, ಒಂದೊಂದರಲ್ಲೂ ಅಳತೆಯ ಚೌಕ ಹಾಕಿ, ಕೊಯ್ದು, ಒಕ್ಕಿ, ತೂಗಿ, ಅದರಿಂದ ಇಡೀ ಹೋಬಳಿಗೆ ಲೆಕ್ಕ ಕಟ್ಟುತ್ತಾರೆ. ಇದೇ ಬೆಳೆ ಕಟಾವು ಪ್ರಯೋಗ. ಕೊನೆಗೆ ಕೈಗೆ ಸಿಗುವ ಸರಾಸರಿ ಬಿಂದು ಅಂದಾಜು, ಅಂದರೆ ಒಂದೇ ಒಂದು ಸಂಖ್ಯೆ. ಬೇರೆ ಹತ್ತು ಹೊಲ ಆರಿಸಿದ್ದರೆ ಬೇರೆ ಸಂಖ್ಯೆ ಬರುತ್ತಿತ್ತು. ಎಷ್ಟು ಬೇರೆ ಬರಬಹುದಿತ್ತು ಎಂಬುದನ್ನು ತಿಳಿಸುವುದು ವಿಶ್ವಾಸಾಂತರ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ವರದಿಯಲ್ಲಿ ಬರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇಲ್ಲಿ ಎರಡನ್ನೂ ಮೊದಲಿಂದ ಕೊನೆಯವರೆಗೆ ಕೈಲೆಕ್ಕದಲ್ಲೇ ಮಾಡೋಣ. ತೂಕಗಳು ಅಭ್ಯಾಸಕ್ಕೆಂದು ಹಾಕಿಕೊಂಡವು, ಯಾವ ಹೋಬಳಿಯವೂ ಅಲ್ಲ.

ಆರಿಸುವಾಗಲೇ ಅರ್ಧ ಲೆಕ್ಕ ಮುಗಿದಿರುತ್ತದೆ

ಮೊದಲು ಯಾವುದರ ಸರಾಸರಿ ಬೇಕು ಎಂದು ಒಂದು ಸಾಲಿನಲ್ಲಿ ಬರೆದಿಡಿ. "ಈ ಹೋಬಳಿಯಲ್ಲಿ ಈ ಮುಂಗಾರಿನಲ್ಲಿ ಮಳೆಯಾಶ್ರಯದಲ್ಲಿ ರಾಗಿ ಬಿತ್ತಿದ ಎಲ್ಲ ಜಮೀನು" ಎಂದರೆ ಅದೇ ನಿಮ್ಮ ಸಮಷ್ಟಿ. ನೀರಾವರಿ ರಾಗಿಯನ್ನು ಇದರೊಳಗೆ ಬೆರೆಸಿದರೆ ಸರಾಸರಿ ಯಾರದ್ದೂ ಆಗಿರುವುದಿಲ್ಲ, ಅದನ್ನು ಬೇರೆ ಲೆಕ್ಕ ಮಾಡಿ. ಒಣಗಿ ಹೋದ ಹೊಲವೂ ಬಿತ್ತಿದ ಹೊಲವೇ. ಆರಿಸಿದ ಹೊಲದಲ್ಲಿ ತೆನೆಯೇ ಇಲ್ಲದಿದ್ದರೆ ತೂಕ ಸೊನ್ನೆ ಎಂದು ಬರೆಯಬೇಕು, ಪಕ್ಕದ ಒಳ್ಳೆಯ ಹೊಲಕ್ಕೆ ದಾಟುವಂತಿಲ್ಲ. ರಾಗಿಯನ್ನೇ ಬಿತ್ತಿಲ್ಲವೆಂದಾದರೆ ಮಾತ್ರ ಮುಂದಿನ ಸರ್ವೆ ನಂಬರಿಗೆ ಹೋಗಬಹುದು. ಆ ನಿಯಮವನ್ನೂ ಹೊಲಕ್ಕೆ ಹೊರಡುವ ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು.

ಹಳ್ಳಿಗಳ ಪಟ್ಟಿ ತೆಗೆದುಕೊಂಡು ಯಾದೃಚ್ಛಿಕ ಸಂಖ್ಯೆಗಳಿಂದ ಐದನ್ನು ಎತ್ತಿ. ಪ್ರತಿ ಹಳ್ಳಿಯಲ್ಲಿ ಹಾಗೆಯೇ ಎರಡು ಸರ್ವೆ ನಂಬರು ಎತ್ತಿ. ರಸ್ತೆ ಪಕ್ಕದ ಹೊಲ, ಪರಿಚಯದವರ ಹೊಲ, ಜೀಪು ಹೋಗುವ ಹೊಲ ಎಂದು ಆರಿಸಿದರೆ ಮುಂದಿನ ಗಣಿತವೆಲ್ಲ ವ್ಯರ್ಥ. ವಿಶ್ವಾಸಾಂತರದ ಸೂತ್ರ ನಿಂತಿರುವುದೇ ಚೀಟಿ ಎತ್ತಿದ ಹಾಗೆ ಆಯ್ಕೆ ನಡೆದಿದೆ ಎಂಬ ಷರತ್ತಿನ ಮೇಲೆ.

ಹೊಲದೊಳಗೆ ಚೌಕದ ಜಾಗವನ್ನೂ ಕಣ್ಣಳತೆಯಲ್ಲಿ ಗೊತ್ತುಮಾಡಬಾರದು. ನೈಋತ್ಯ ಮೂಲೆಯಲ್ಲಿ ನಿಂತು ಉದ್ದ, ಅಗಲಗಳನ್ನು ಹೆಜ್ಜೆಯಲ್ಲಿ ಎಣಿಸಿ. ಉದ್ದ 80, ಅಗಲ 45 ಹೆಜ್ಜೆ ಎಂದುಕೊಳ್ಳಿ. 5 ಮೀಟರ್ ಸುಮಾರು 7 ಹೆಜ್ಜೆ. ಅದನ್ನು ಕಳೆದರೆ 73 ಮತ್ತು 38 ಉಳಿಯುತ್ತದೆ. 0ಯಿಂದ 73ರೊಳಗೆ ಒಂದು, 0ಯಿಂದ 38ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆಯಿರಿ. ಅಷ್ಟು ಹೆಜ್ಜೆ ನಡೆದು ನಿಂತಲ್ಲಿ ಮೊದಲ ಗೂಟ. ಅಲ್ಲಿಂದ 5 ಮೀಟರ್ × 5 ಮೀಟರ್ ಚೌಕ ಹಿಡಿಯಿರಿ. ಮೂಲೆಯಿಂದ ಮೂಲೆಗೆ 7.07 ಮೀಟರ್ ಬಂದರೆ ಚೌಕ ನೆಟ್ಟಗಿದೆ, 7.3 ಬಂದರೆ ಅದು ಓರೆಯಾಗಿದೆ, ಗೂಟ ಕಿತ್ತು ಮತ್ತೆ ಹಾಕಿ. ಹೊಲ ಸೊಟ್ಟಗಿದ್ದು ಚೌಕ ಬದುವಿನಾಚೆ ಹೋದರೆ ಎಳೆದು ಒಳಗೆ ಹಾಕಿಕೊಳ್ಳಬೇಡಿ, ಹೊಸ ಜೋಡಿ ಸಂಖ್ಯೆ ತೆಗೆಯಿರಿ. ಅವರೆ, ತೊಗರಿಯ ಅಕ್ಕಡಿ ಸಾಲು ಚೌಕದೊಳಗೆ ಬಂದರೆ ಬರಲಿ. ಆ ಸಾಲಿನ ಜಾಗವೂ ಹೊಲದ ವಿಸ್ತೀರ್ಣದಲ್ಲೇ ಸೇರಿದೆ.

ಅಂಚಿನ ಗಿಡಗಳಲ್ಲೇ ಮೋಸವಿರುವುದು. ಹಗ್ಗದ ಮೇಲೆ ಬಿದ್ದ ಗಿಡವನ್ನು ಒಳಗೆ ಎಳೆದುಕೊಳ್ಳುವುದು ಕೈಯ ಸ್ವಭಾವ. ನಾಲ್ಕೂ ಕಡೆ 5 ಸೆಂಟಿಮೀಟರ್ ಹೊರಗಿನ ಗಿಡ ಒಳಬಂದರೆ 5 ಮೀಟರ್ ಚೌಕ 5.1 ಮೀಟರ್ ಆಗುತ್ತದೆ, ವಿಸ್ತೀರ್ಣ 26.01 ಚದರ ಮೀಟರ್, ಇಳುವರಿ 4% ಹೆಚ್ಚು. ಅದೇ ಕೈ 1 ಮೀಟರ್ ಚೌಕದಲ್ಲಿ ಕೆಲಸ ಮಾಡಿದರೆ 1.1 × 1.1, ಅಂದರೆ 21% ಹೆಚ್ಚು. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಸಣ್ಣ ಚೌಕಗಳು ಇಳುವರಿಯನ್ನು ಉಬ್ಬಿಸಿ ತೋರಿಸುತ್ತವೆ ಎಂದು ವಾದಿಸಿದ್ದು ಇಂಥ ಅಂಚಿನ ಕಾರಣಕ್ಕೇ. ಬೇರು ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಮಾತ್ರ ಆ ಗಿಡ ಚೌಕದ್ದು. ಈ ತಪ್ಪನ್ನು ಮುಂದೆ ಬರುವ ಯಾವ ಸೂತ್ರವೂ ಹಿಡಿಯುವುದಿಲ್ಲ. ಹತ್ತೂ ಚೌಕದಲ್ಲಿ ಒಂದೇ ದಿಕ್ಕಿಗೆ ತಪ್ಪಿದರೆ ತೂಕಗಳ ಏರಿಳಿತ ಹೆಚ್ಚುಕಡಿಮೆ ಮೊದಲಿನಂತೆಯೇ ಕಾಣುತ್ತದೆ.

ತೂಕವನ್ನು ಹಸಿಯಲ್ಲಿ ಬರೆದು ಬಿಡಬೇಡಿ. ಕಾಳನ್ನು ಒಣಗಿಸಿ ತೂಗಿ, ಇಲ್ಲವೇ ತೇವಾಂಶ ಅಳೆದು 12%ಕ್ಕೆ ಇಳಿಸಿ. 20% ತೇವದಲ್ಲಿ 4.2 ಕೆ.ಜಿ. ಇದ್ದರೆ 4.2 × 80 ÷ 88 = 3.82 ಕೆ.ಜಿ.

ಬಿಂದು ಅಂದಾಜು

ಐದು ಹಳ್ಳಿ, ಹಳ್ಳಿಗೆ ಎರಡು ಚೌಕ. ಒಣಗಿದ ಕಾಳಿನ ತೂಕ ಕೆ.ಜಿ.ಯಲ್ಲಿ:

ಮೊದಲ ಹಳ್ಳಿ: 3.2, 2.6
ಎರಡನೆಯದು: 4.1, 5.0
ಮೂರನೆಯದು: 3.7, 4.4
ನಾಲ್ಕನೆಯದು: 1.9, 3.1
ಐದನೆಯದು: 3.9, 4.6

ಒಟ್ಟು 36.5, ಸರಾಸರಿ 3.65 ಕೆ.ಜಿ. ಚೌಕದ ವಿಸ್ತೀರ್ಣ 25 ಚದರ ಮೀಟರ್, ಹೆಕ್ಟೇರಿನ 400ನೇ ಒಂದು ಭಾಗ. ಆದ್ದರಿಂದ 3.65 × 400 = 1,460 ಕೆ.ಜಿ. ಹೆಕ್ಟೇರಿಗೆ. ಎಕರೆಗೆ ಬೇಕಿದ್ದರೆ 162ರಿಂದ ಗುಣಿಸಿ: ಸುಮಾರು 591 ಕೆ.ಜಿ., ಆರು ಕ್ವಿಂಟಲಿಗೆ ಚೂರು ಕಡಿಮೆ. ಹಳ್ಳಿಗಳ ರಾಗಿ ವಿಸ್ತೀರ್ಣದಲ್ಲಿ ಬಹಳ ವ್ಯತ್ಯಾಸವಿದ್ದರೆ ಪ್ರತಿ ಹಳ್ಳಿಯ ಸರಾಸರಿಯನ್ನು ಅದರ ವಿಸ್ತೀರ್ಣದಿಂದ ಗುಣಿಸಿ, ಕೂಡಿಸಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಬೇಕು. ಇಲ್ಲಿ ಎಲ್ಲ ಹಳ್ಳಿಯೂ ಸುಮಾರು ಒಂದೇ ಅಳತೆಯವು ಎಂದುಕೊಂಡಿದ್ದೇವೆ.

ಅಂತರ: ಮೊದಲು ಎಲ್ಲರೂ ಮಾಡುವ ಲೆಕ್ಕ

ಹತ್ತು ತೂಕಗಳಿವೆ. ಪ್ರತಿಯೊಂದರಿಂದ 3.65 ಕಳೆದು, ವರ್ಗ ಮಾಡಿ, ಕೂಡಿಸಿ. 8.225 ಬರುತ್ತದೆ. ಇದನ್ನು 10ರಿಂದಲ್ಲ, 9ರಿಂದ ಭಾಗಿಸಿ. ಸರಾಸರಿಯನ್ನೂ ಇದೇ ತೂಕಗಳಿಂದ ತೆಗೆದಿದ್ದರಿಂದ ವ್ಯತ್ಯಾಸಗಳು ನಿಜಕ್ಕಿಂತ ಸ್ವಲ್ಪ ಸಣ್ಣದಾಗಿಯೇ ಬರುತ್ತವೆ, ಅದನ್ನು ಸರಿದೂಗಿಸಲು ಒಂದು ಕಡಿಮೆ. 0.914ರ ವರ್ಗಮೂಲ 0.956 ಕೆ.ಜಿ. ಇದು ಮಾನಕ ವಿಚಲನೆ, ಒಂದು ಚೌಕ ಇನ್ನೊಂದರಿಂದ ಎಷ್ಟು ಬೇರೆ ಎಂಬುದರ ಅಳತೆ.

ನಮಗೆ ಬೇಕಿರುವುದು ಸರಾಸರಿ ಎಷ್ಟು ಅಲುಗಾಡುತ್ತದೆ ಎಂಬುದು. 0.956ನ್ನು 10ರ ವರ್ಗಮೂಲ 3.162ರಿಂದ ಭಾಗಿಸಿ: 0.302. ಇದು ಮಾನಕ ದೋಷ. ಇದನ್ನು 1.96ರಿಂದ ಗುಣಿಸುವ ಅಭ್ಯಾಸ ಹಲವರಿಗಿದೆ. ಅದು ದೊಡ್ಡ ಮಾದರಿಗೆ ಸರಿ. ಹತ್ತು ತೂಕದಿಂದ ತೆಗೆದ ಮಾನಕ ವಿಚಲನೆಯೇ ಒಂದು ಅಂದಾಜು, ಅದೂ ಅಲುಗಾಡುತ್ತದೆ. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದದ್ದು ಇಂಥ ಸಣ್ಣ ಮಾದರಿಯ ಸಮಸ್ಯೆಯನ್ನೇ. ಆ ಕೆಲಸದಿಂದ ಬಂದ ಟಿ ಕೋಷ್ಟಕದಲ್ಲಿ 9ರ ಸಾಲು (ತೂಕಗಳ ಸಂಖ್ಯೆಗಿಂತ ಒಂದು ಕಡಿಮೆ), 95%ರ ಕಾಲಂ ನೋಡಿದರೆ 2.262. ಗುಣಿಸಿದರೆ 0.684 ಕೆ.ಜಿ., ಹೆಕ್ಟೇರಿಗೆ 274. ಉತ್ತರ: 1,460 ± 274, ಅಂದರೆ 1,186ರಿಂದ 1,734 ಕೆ.ಜಿ.

ಅಚ್ಚುಕಟ್ಟಾಗಿದೆ, ಆದರೆ ತಪ್ಪು.

ಒಂದೇ ಹಳ್ಳಿಯ ಎರಡು ಚೌಕ ಎರಡಲ್ಲ

ತೂಕಗಳನ್ನು ಮತ್ತೊಮ್ಮೆ ನೋಡಿ. ಎರಡನೇ ಹಳ್ಳಿಯ ಎರಡೂ ಚೌಕ ಸರಾಸರಿಗಿಂತ ಮೇಲೆ. ನಾಲ್ಕನೆಯದರ ಎರಡೂ ಕೆಳಗೆ. ಒಂದು ಹಳ್ಳಿಯಲ್ಲಿ ಮಳೆ ಒಂದೇ, ಮಣ್ಣು ಹೆಚ್ಚುಕಡಿಮೆ ಒಂದೇ, ಬಿತ್ತಿದ ವಾರವೂ ಒಂದೇ. ಹಾಗಾಗಿ ಎರಡನೇ ಚೌಕ ಕೊಡುವ ಹೊಸ ಮಾಹಿತಿ ಕಡಿಮೆ. ಮೇಲಿನ ಲೆಕ್ಕ ಹತ್ತು ಚೌಕವೂ ಹೋಬಳಿಯ ಉದ್ದಗಲದಿಂದ ಬಿಡಿಬಿಡಿಯಾಗಿ ಬಂದವೆಂದು ಭಾವಿಸಿತ್ತು.

ಸರಿಪಡಿಸುವುದು ಸುಲಭ. ಮೊದಲು ಎತ್ತಿದ್ದು ಹಳ್ಳಿಯನ್ನು, ಆದ್ದರಿಂದ ಲೆಕ್ಕದ ಘಟಕವೂ ಹಳ್ಳಿಯೇ. ಹಳ್ಳಿ ಸರಾಸರಿಗಳು: 2.90, 4.55, 4.05, 2.50, 4.25. ಇವುಗಳ ಸರಾಸರಿ ಮತ್ತೆ 3.65, ಬಿಂದು ಅಂದಾಜು ಕದಲಿಲ್ಲ. ವ್ಯತ್ಯಾಸಗಳ ವರ್ಗಗಳ ಮೊತ್ತ 3.215, ಭಾಗಿಸು 4 = 0.804, ವರ್ಗಮೂಲ 0.897. ಇದನ್ನು 5ರ ವರ್ಗಮೂಲ 2.236ರಿಂದ ಭಾಗಿಸಿದರೆ ಮಾನಕ ದೋಷ 0.401. ಟಿ ಕೋಷ್ಟಕದಲ್ಲಿ ಈಗ ನೋಡಬೇಕಾದ್ದು 4ರ ಸಾಲು: 2.776. ಗುಣಿಸಿದರೆ 1.113 ಕೆ.ಜಿ., ಹೆಕ್ಟೇರಿಗೆ 445.

ಸರಿಯಾದ ಉತ್ತರ 1,460 ± 445. ಅಂದರೆ 1,015ರಿಂದ 1,905 ಕೆ.ಜಿ. ಅದೇ ತೂಕ, ಅದೇ ಸರಾಸರಿ, ಆದರೆ ಅಂತರ ಒಂದೂವರೆ ಪಟ್ಟಿಗಿಂತ ಹೆಚ್ಚು ಅಗಲ. ಶಾಲೆಯ ತರಗತಿಗಳು, ಮನೆಮಂದಿ, ಒಂದೇ ಆಸ್ಪತ್ರೆಯ ರೋಗಿಗಳು, ಹೀಗೆ ಗುಂಪುಗುಂಪಾಗಿ ಆರಿಸಿದ ಯಾವ ಸಮೀಕ್ಷೆಯಲ್ಲೂ ಇದೇ ತಪ್ಪು ನುಸುಳುತ್ತದೆ. ಪ್ರಕಟವಾದ ಅಂತರ ಅನುಮಾನಾಸ್ಪದವಾಗಿ ಕಿರಿದಾಗಿದ್ದರೆ ಮೊದಲು ಇದನ್ನೇ ಹುಡುಕಿ.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಹಳ್ಳಿ ಸರಾಸರಿಗಳ ಕಾಲಂ ಮೇಲೆ ಎಸ್‌ಟಿಡಿಇವಿ.ಎಸ್ ಬಳಸಿ. ಎಸ್‌ಟಿಡಿಇವಿ.ಪಿ ಒಂದು ಕಡಿಮೆ ಮಾಡದೆ ಭಾಗಿಸುತ್ತದೆ. ಕಾನ್ಫಿಡೆನ್ಸ್.ಟಿ ಸರಿ, ಕಾನ್ಫಿಡೆನ್ಸ್.ನಾರ್ಮ್ ಹಾಕಿದರೆ 1.96 ಬಂದು ಕೂರುತ್ತದೆ. ಈ ಎರಡೂ ಸದ್ದಿಲ್ಲದೆ ಅಂತರವನ್ನು ಕಿರಿದು ಮಾಡುವ ತಪ್ಪುಗಳು.

ಈಗ ಹಾಳಾದ ಹೊಲ ಬಿಡುವ ಚಾಳಿಗೆ ಮರಳಿ. 1.9 ಬಂದ ಚೌಕವನ್ನು "ಇದು ಪ್ರಾತಿನಿಧಿಕವಲ್ಲ" ಎಂದು ಬಿಟ್ಟು ಪಕ್ಕದ 4.0 ಕೆ.ಜಿ. ಬಂದದ್ದನ್ನು ಬರೆದರೆ? ಸರಾಸರಿ 3.86ಕ್ಕೆ, ಹೆಕ್ಟೇರಿಗೆ 1,544ಕ್ಕೆ ಏರುತ್ತದೆ. ಅಂತರ ±445ರಿಂದ ಸುಮಾರು ±322ಕ್ಕೆ ಇಳಿಯುತ್ತದೆ. ಅಂದಾಜು ಸತ್ಯದಿಂದ ದೂರ ಸರಿಯಿತು, ಕಾಗದದ ಮೇಲೆ ಮಾತ್ರ ಮೊದಲಿಗಿಂತ ಖಚಿತವಾಗಿ ಕಾಣುತ್ತಿದೆ.

95% ಅಂದರೆ ಏನು

ಇದೇ ವಿಧಾನದಲ್ಲಿ ಮತ್ತೆ ಮತ್ತೆ ಐದೈದು ಹಳ್ಳಿ ಎತ್ತಿ, ಪ್ರತಿ ಸಲವೂ ಅಂತರ ಲೆಕ್ಕ ಹಾಕಿದರೆ, ನೂರರಲ್ಲಿ ಸುಮಾರು 95 ಅಂತರಗಳು ಹೋಬಳಿಯ ನಿಜವಾದ ಸರಾಸರಿಯನ್ನು ಒಳಗೊಂಡಿರುತ್ತವೆ. ಭರವಸೆ ವಿಧಾನದ್ದು. ನಿಮ್ಮ ಕೈಯಲ್ಲಿರುವ ಅಂತರ ಆ 95ರಲ್ಲಿ ಒಂದೋ, ಉಳಿದ 5ರಲ್ಲಿ ಒಂದೋ, ಅದನ್ನು ನೋಡಿ ಹೇಳಲು ಬರುವುದಿಲ್ಲ. ಇದಕ್ಕಿಂತ ಹೆಚ್ಚು ಕಾಣುವ ತಪ್ಪು ಬೇರೆ: "95% ರೈತರಿಗೆ 1,015ರಿಂದ 1,905 ಕೆ.ಜಿ. ಬಂದಿದೆ" ಎಂದು ಓದುವುದು. ನಮ್ಮ ಹತ್ತರಲ್ಲೇ ಒಂದು ಚೌಕ 760, ಇನ್ನೊಂದು 2,000. ಅಂತರ ಇರುವುದು ಸರಾಸರಿಗೆ, ಹೊಲಗಳಿಗಲ್ಲ.

ಎಷ್ಟು ಚೌಕ ಬೇಕು

ಹಿಂದಿನ ವರ್ಷದ ಏರಿಳಿತ ಗೊತ್ತಿದ್ದರೆ ಮುಂದಿನ ವರ್ಷಕ್ಕೆ ಲೆಕ್ಕ ಹಾಕಬಹುದು. ಸರಾಸರಿಯ ±10%, ಅಂದರೆ 0.365 ಕೆ.ಜಿ.ಯೊಳಗೆ ತಿಳಿಯಬೇಕು ಎನ್ನಿ. ಹಳ್ಳಿಗೆ ಎರಡು ಚೌಕದಂತೆ: (2.06 × 0.897 ÷ 0.365)ರ ವರ್ಗ, ಸುಮಾರು 26 ಹಳ್ಳಿ, 52 ಚೌಕ. 2.06 ಎಂಬುದು ಟಿ ಕೋಷ್ಟಕದ 25ರ ಸಾಲಿನ ಬೆಲೆ. ಹಳ್ಳಿಗೆ ಒಂದೇ ಚೌಕ ಮಾಡಿದರೆ? ನಮ್ಮ ತೂಕಗಳಲ್ಲಿ ಹಳ್ಳಿಯೊಳಗಿನ ವ್ಯತ್ಯಾಸದ ವರ್ಗ 0.36, ಹಳ್ಳಿ-ಹಳ್ಳಿ ನಡುವಿನದು 0.62 (ಮೇಲಿನ 0.804ರಿಂದ 0.36ರ ಅರ್ಧ ಕಳೆದದ್ದು). ಎರಡೂ ಸೇರಿ 0.98. ಇದರಿಂದ 31 ಹಳ್ಳಿ, 31 ಚೌಕ ಸಾಕು. ಕೊಯ್ಯುವ, ಒಕ್ಕುವ ಕೆಲಸ 21 ಚೌಕ ಕಡಿಮೆ, ಐದು ಹಳ್ಳಿಗೆ ಓಡಾಟ ಹೆಚ್ಚು. ಖರ್ಚು ನೋಡಿ ಆರಿಸಿ, ಆದರೆ ಚೌಕ ಹೆಚ್ಚಿಸಲು ದುಡ್ಡಿದ್ದರೆ ಹೊಸ ಹಳ್ಳಿಗೆ ಹೋಗುವುದೇ ಲೇಸು.

±5% ಬೇಕೆಂದರೆ ದುಪ್ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು ಬೇಕು. ವರ್ಗಮೂಲದ ಕಾಟ ಇದು. ಹೋಬಳಿಯ ಹಳ್ಳಿಗಳಲ್ಲಿ ದೊಡ್ಡ ಪಾಲನ್ನೇ ಆರಿಸಿಬಿಟ್ಟರೆ ನಿಜವಾದ ಅಂತರ ಇದಕ್ಕಿಂತ ಕಿರಿದಾಗುತ್ತದೆ. ಆ ತಿದ್ದುಪಡಿ ಮಾಡದಿದ್ದರೂ ಹಾನಿಯಿಲ್ಲ, ಎಚ್ಚರಿಕೆಯ ಕಡೆಗೇ ಇರುತ್ತೀರಿ.

ಬೆಳೆ ವಿಮೆಯ ವಿಷಯ ಇಲ್ಲೇ ಬರುತ್ತದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಲ್ಲಿ ಪ್ರಮುಖ ಬೆಳೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕನಿಷ್ಠ ನಾಲ್ಕು ಕಟಾವು ಪ್ರಯೋಗ. ಪಂಚಾಯಿತಿಯೊಳಗೆ ಚೌಕದಿಂದ ಚೌಕಕ್ಕೆ ಮಾನಕ ವಿಚಲನೆ 0.6 ಕೆ.ಜಿ. ಮಾತ್ರ ಎಂದು ಉದಾರವಾಗಿ ಹಿಡಿಯೋಣ. ನಾಲ್ಕು ಚೌಕಕ್ಕೆ ಟಿ ಬೆಲೆ 3.182. ಅಂತರ ಹೆಕ್ಟೇರಿಗೆ ಸುಮಾರು ±380 ಕೆ.ಜಿ. ಪರಿಹಾರದ ಸೂತ್ರ ನೋಡುವುದು ಬಿಂದು ಅಂದಾಜನ್ನು ಮಾತ್ರ: ಖಾತರಿ ಇಳುವರಿ 1,600, ಬಂದದ್ದು 1,460 ಎಂದಾದರೆ ಕೊರತೆ 140 ÷ 1,600 = 8.75%, ವಿಮಾ ಮೊತ್ತದ ಅಷ್ಟು ಪಾಲು ರೈತನಿಗೆ. ನಾಲ್ಕು ಚೌಕದಲ್ಲಿ ಒಂದು ಬೇರೆ ಕಡೆ ಬಿದ್ದಿದ್ದರೆ ಆ 8.75% ಸೊನ್ನೆಯೂ ಆಗಬಹುದಿತ್ತು, 20% ಕೂಡ ಆಗಬಹುದಿತ್ತು. ಹಣ ಹಂಚಲು ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು, ಅದು ಸರಿ. ಆದರೆ ಆ ಸಂಖ್ಯೆಯನ್ನು "ಈ ಪಂಚಾಯಿತಿಯ ಇಳುವರಿ" ಎಂದು ಬೇರೆ ಕೆಲಸಕ್ಕೆ ಎತ್ತಿಕೊಳ್ಳುವವರು ಈ ಅಗಲವನ್ನು ಮರೆಯಬಾರದು.

ಶೇಕಡಾವಾರು ಅಂದಾಜಾದರೆ

40 ಹಳ್ಳಿಗಳಲ್ಲಿ ತಲಾ ಒಂದು ಹೊಲ ನೋಡಿ, 3ರಲ್ಲಿ ಬೆಂಕಿ ರೋಗ ಕಂಡಿತು ಎನ್ನಿ. ಬಿಂದು ಅಂದಾಜು 7.5%. ಪಠ್ಯಪುಸ್ತಕದ ಸೂತ್ರದಂತೆ 0.075 × 0.925 ÷ 40ರ ವರ್ಗಮೂಲ 0.0416, ಅದನ್ನು 1.96ರಿಂದ ಗುಣಿಸಿ. ಅಂತರ −0.7%ರಿಂದ 15.7%. ಸೊನ್ನೆಗಿಂತ ಕಡಿಮೆ ಹೊಲಗಳಲ್ಲಿ ರೋಗ! ಸಂಖ್ಯೆ ಚಿಕ್ಕದಿದ್ದಾಗ ಆ ಸೂತ್ರ ಹೀಗೇ ಕೈಕೊಡುತ್ತದೆ. ಒಂದು ಸರಳ ಉಪಾಯವಿದೆ. ರೋಗ ಇದ್ದದ್ದಕ್ಕೆ 2, ಇಲ್ಲದ್ದಕ್ಕೆ 2 ಸೇರಿಸಿ, 5 ÷ 44 ಎಂದುಕೊಂಡು ಅದೇ ಸೂತ್ರ ಹಾಕಿ: 2.0%ರಿಂದ 20.7%. ಸಂಖ್ಯಾಶಾಸ್ತ್ರಜ್ಞ ವಿಲ್ಸನ್ 1927ರಲ್ಲಿ ಕೊಟ್ಟ ಪೂರ್ತಿ ಸೂತ್ರದಿಂದ 2.6%ರಿಂದ 19.9%. ಎರಡೂ ಹತ್ತಿರ ಹತ್ತಿರವೇ. ವರದಿಯಲ್ಲಿ ಬಿಂದು ಅಂದಾಜು 7.5% ಎಂದೇ ಇರಲಿ, 2 ಸೇರಿಸಿದ್ದು ಅಂತರಕ್ಕೆ ಮಾತ್ರ. 40ರಲ್ಲಿ ಒಂದರಲ್ಲೂ ರೋಗ ಕಾಣದಿದ್ದರೆ "ರೋಗವಿಲ್ಲ" ಎನ್ನಬೇಡಿ. ಒಂದೂ ಸಿಗದಾಗ ಬಳಸುವ ಸರಳ ನಿಯಮದಂತೆ 3ನ್ನು (ಇದು ಮೇಲಿನ ರೋಗದ ಹೊಲಗಳ 3 ಅಲ್ಲ) 40ರಿಂದ ಭಾಗಿಸಿ: 7.5%ವರೆಗೂ ಇರಬಹುದು.

ಕಳೆದ ವರ್ಷಕ್ಕೆ ಹೋಲಿಸುವಾಗ

ಕಳೆದ ವರ್ಷ ಬೇರೆ ಐದು ಹಳ್ಳಿಗಳಿಂದ 2,020 ಕೆ.ಜಿ., ಮಾನಕ ದೋಷ 150 ಎಂದುಕೊಳ್ಳಿ. ಅದರ ಅಂತರ 1,604ರಿಂದ 2,436. ಈ ವರ್ಷದ್ದು 1,015ರಿಂದ 1,905. ಎರಡೂ ಒಂದರ ಮೇಲೊಂದು ಬಿದ್ದಿವೆ, ಆದ್ದರಿಂದ ಇಳಿಕೆ ಸಾಬೀತಾಗಿಲ್ಲ ಎಂದು ತೀರ್ಪು ಕೊಡುವವರೇ ಹೆಚ್ಚು. ಅಂತರ ಹಾಕಬೇಕಾದ್ದು ವ್ಯತ್ಯಾಸಕ್ಕೆ. ವ್ಯತ್ಯಾಸ 560. ಮಾನಕ ದೋಷಗಳನ್ನು ನೇರ ಕೂಡಿಸದೆ ವರ್ಗ ಮಾಡಿ ಕೂಡಿಸಿ: 160ರ (ಈ ವರ್ಷದ 0.401 × 400) ವರ್ಗ, 150ರ ವರ್ಗ, ಮೊತ್ತದ ವರ್ಗಮೂಲ ಸುಮಾರು 219. ಟಿ ಕೋಷ್ಟಕದ 8ರ (ಎರಡು ವರ್ಷದ 4 + 4) ಸಾಲಿನ 2.306ರಿಂದ ಗುಣಿಸಿದರೆ 506. ಇಳಿಕೆ 54ರಿಂದ 1,066 ಕೆ.ಜಿ. ಸೊನ್ನೆ ಇದರೊಳಗಿಲ್ಲ. ಇಳಿದಿದೆ ಎನ್ನಲು ಆಧಾರವಿದೆ, ಎಷ್ಟು ಇಳಿದಿದೆ ಎನ್ನಲು ಮಾತ್ರ ಇಷ್ಟು ಮಾಹಿತಿ ಸಾಲದು. ಎರಡೂ ವರ್ಷ ಅದೇ ಐದು ಹಳ್ಳಿಗಳಾದರೆ ಈ ದಾರಿ ಬೇಡ. ಹಳ್ಳಿವಾರು ಕಳೆದು, ಆ ಐದು ವ್ಯತ್ಯಾಸಗಳ ಮೇಲೆ ಮೊದಲಿನ ಲೆಕ್ಕವನ್ನೇ ಮಾಡಿ. ಸಾಮಾನ್ಯವಾಗಿ ಅದು ಹೆಚ್ಚು ಕಿರಿದಾದ ಅಂತರ ಕೊಡುತ್ತದೆ.

ವರದಿಗೆ ಒಂದು ಸಾಲು ಸಾಕು: "ಹೋಬಳಿಯ ಮಳೆಯಾಶ್ರಿತ ರಾಗಿ, 12% ತೇವಾಂಶದಲ್ಲಿ ಹೆಕ್ಟೇರಿಗೆ 1,460 ಕೆ.ಜಿ. (95% ವಿಶ್ವಾಸಾಂತರ 1,015–1,905, 5 ಹಳ್ಳಿ, 10 ಚೌಕ, ಹಳ್ಳಿವಾರು ಲೆಕ್ಕ)." ಬಿಟ್ಟ ಹೊಲ, ಬದಲಿಸಿದ ಸರ್ವೆ ನಂಬರು ಇದ್ದರೆ ಅದರ ಕೆಳಗೆ ಕಾರಣದೊಂದಿಗೆ ಬರೆಯಿರಿ. 1,459.7 ಎಂದು ದಶಾಂಶ ಹಾಕುವ ಅಗತ್ಯವಿಲ್ಲ.